ತೆರೆಯ ಮೇಲಣ ಪಂಡಿತನೂ ತೆಂಗಿನ ಸೀಮೆಯ ಪಂಡಿತನೂ

ಭರತಮುನಿಯ ನಾಟ್ಯಶಾಸ್ತ್ರದ ಕೊನೆಯಲ್ಲಿ ಒಂದು ಕಥೆಯುಂಟು. ಭರತನ ಮಕ್ಕಳು ನಾಟ್ಯವಿದ್ಯೆಯಲ್ಲಿ ಪಳಗಿ, ಜನರ ಮೆಚ್ಚುಗೆಯಿಂದ ಮದಿಸಿ, ಋಷಿಗಳನ್ನು ಅಣಕಿಸುವ ಪ್ರಹಸನವನ್ನು ಆಡಿದರು. ಋಷಿಗಳು ಅದನ್ನು ಕಂಡು ಕೋಪಗೊಂಡು ಶಪಿಸಿದರು. ನಟರ ಕುಲವು ತನ್ನ ಹಿಂದಿನ ಸ್ಥಾನವನ್ನು ಕಳೆದುಕೊಂಡಿತು. ಈ ಕಥೆಯನ್ನು ಓದಿದವರು ಸಾಮಾನ್ಯವಾಗಿ ಋಷಿಗಳ ಮುಂಗೋಪವನ್ನು ಕುರಿತು ಮಾತನಾಡುವರೇ ಹೊರತು ಗ್ರಂಥಕಾರನ ಪ್ರಾಮಾಣಿಕತೆಯನ್ನು ಗಮನಿಸುವುದಿಲ್ಲ. ನಾಟ್ಯವನ್ನು ಐದನೆಯ ವೇದವೆಂದು ಹೊಗಳಿದ ಗ್ರಂಥವೇ, ನಾಟ್ಯವು ಎಲ್ಲಿ ಎಡವಬಲ್ಲುದೆಂಬುದನ್ನೂ ಬಚ್ಚಿಡದೆ ಹೇಳಿದೆ. ಈಗ ಶಪಿಸಬಲ್ಲ ಋಷಿಗಳು ಇಲ್ಲ. ಇದ್ದರೂ ಶಾಪಕ್ಕೆ ಹೆದರುವವರು ಇಲ್ಲ. ಆದರೆ ಭರತನ ಮಕ್ಕಳು ಇದ್ದಾರೆ. ಅವರ ರಂಗವು ಬೆಳ್ಳಿಯ ತೆರೆಯಾಗಿ, ದೂರದರ್ಶನದ ಪೆಟ್ಟಿಗೆಯಾಗಿ, ಅಂಗೈಯಲ್ಲಿ ಹಿಡಿಯುವ ಮೊಬೈಲಾಗಿ ಮನೆಮನೆಯನ್ನೂ ಹೊಕ್ಕಿದೆ. ಸಂಸ್ಕೃತ ಪಾಠಶಾಲೆಯ ಬಾಳುವೆಯನ್ನೂ ಪಂಡಿತನ ಬಾಳುವೆಯನ್ನೂ ಆ ರಂಗವು ತೋರಿಸುತ್ತಿರುವ ರೀತಿಯನ್ನು ವಿಚಾರಿಸುವ ಕಾಲ ಬಂದಿದೆ. ವಿಚಾರಿಸುವುದಕ್ಕೆ ಕಾರಣ ಪಂಡಿತರ ಮಾನಾಪಮಾನವಲ್ಲ. ಹಳ್ಳಿಯ ಮಕ್ಕಳ ವಿದ್ಯೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹುಳಿಯಾರಿನ ಬಳಿಯಿರುವ ಕೆಂಕೆರೆ ತೆಂಗಿನ ಸೀಮೆಯ ಊರು. ಇಂತಹ ಊರಿನ ಹುಡುಗನೊಬ್ಬನು ಪಾಠಶಾಲೆಗೆ ಸೇರಿ, ರಜೆಗೆಂದು ಮನೆಗೆ ಬಂದರೆ, ಓರಗೆಯವರು ಅವನನ್ನು ಎದುರುಗೊಳ್ಳುವ ಬಗೆ ಎಲ್ಲರಿಗೂ ತಿಳಿದದ್ದೇ. ಒಬ್ಬನು ಹೊಟ್ಟೆಯ ಮೇಲೆ ಕೈಯಾಡಿಸುವನು. ಇನ್ನೊಬ್ಬನು ಮೂಗಿನಿಂದ ರಾಗವೆಳೆಯುವನು. ಮತ್ತೊಬ್ಬನು ಕನ್ನಡದ ನಾಲ್ಕು ಮಾತುಗಳ ಕೊನೆಗೆ ಒಂದೊಂದು ಸೊನ್ನೆಯನ್ನು ಅಂಟಿಸಿ, ಅದೇ ಸಂಸ್ಕೃತವೆಂದು ಕೂಗುವನು. ಈ ಅಣಕವನ್ನು ಆ ಹುಡುಗರು ಯಾವ ಪಂಡಿತನನ್ನು ನೋಡಿ ಕಲಿತರು? ಅಂತಹ ಪಂಡಿತನನ್ನು ಆ ಊರಿನವರು ಎಂದೂ ಕಂಡಿಲ್ಲ. ಆ ಸೀಮೆಯ ಸಂಸ್ಕೃತದ ಮೇಷ್ಟರು ಬೆಳಗಿನ ಜಾವ ತೋಟಕ್ಕೆ ನೀರು ಕಟ್ಟಿ, ಸ್ನಾನಮಾಡಿ, ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗಿ ರಾಮಶಬ್ದವನ್ನು ಹೇಳಿಕೊಟ್ಟು, ಸಂಜೆ ಕೊಬ್ಬರಿಯ ಧಾರಣೆಯನ್ನು ವಿಚಾರಿಸಿಕೊಂಡು ಮನೆಗೆ ಬರುವವರು. ಕಣ್ಣೆದುರಿನ ಮೇಷ್ಟರು ಹುಡುಗರ ಮನಸ್ಸಿಗೆ ಬರಲಿಲ್ಲ. ಕಾಣದ ಪಂಡಿತನು ಬಂದನು. ಪ್ರತ್ಯಕ್ಷವನ್ನು ಅಳಿಸಿ ಭ್ರಾಂತಿಯನ್ನು ನಿಲ್ಲಿಸುವ ಈ ಶಕ್ತಿ ತೆರೆಯದು. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದನ್ನು ಶಾಸ್ತ್ರಕಾರರು ಭ್ರಮೆಗೆ ಉದಾಹರಣೆಯಾಗಿ ಕೊಟ್ಟರು. ಇಲ್ಲಿ ಬೆಳ್ಳಿಯ ತೆರೆಯೇ ಆ ಕೆಲಸವನ್ನು ವಹಿಸಿಕೊಂಡಿದೆ.

ತೆರೆಯ ಮೇಲೆ ಪಂಡಿತರು ಇಬ್ಬರೇ. ಮೊದಲನೆಯವನು ಹೊಟ್ಟೆಬಾಕ. ಅವನಿಗೆ ಜುಟ್ಟು, ನಶ್ಯದ ಡಬ್ಬಿ, ಲಾಡುವಿನ ಮೇಲೆ ಕಣ್ಣು, ದಕ್ಷಿಣೆಯ ಮೇಲೆ ಮನಸ್ಸು. ಎರಡನೆಯವನು ಮಹಾತ್ಮ. ಅವನಿಗೆ ಬಿಳಿಯ ಗಡ್ಡ, ಹಿನ್ನೆಲೆಯಲ್ಲಿ ಶಂಖಧ್ವನಿ, ಕಣ್ಣು ಮುಚ್ಚಿದರೆ ಮುಂದಾಗುವುದೆಲ್ಲ ಗೋಚರ. ಒಬ್ಬನನ್ನು ಕಂಡು ನಗಬೇಕು, ಇನ್ನೊಬ್ಬನಿಗೆ ಕೈಮುಗಿಯಬೇಕು. ಇಬ್ಬರಲ್ಲಿ ಯಾರಿಂದಲೂ ಏನನ್ನೂ ಕಲಿಯಬೇಕಾಗಿಲ್ಲ. ಇದೇ ಈ ಇಬ್ಬರಲ್ಲಿಯೂ ಸಮಾನವಾದ ಗುಣ, ಇದೇ ಚಿತ್ರ ತೆಗೆಯುವವರಿಗೆ ಅನುಕೂಲವಾದ ಗುಣ. ಓದಿದವನು, ಓದಿಸುವವನು, ಒಂದು ಸೂತ್ರದ ಅರ್ಥಕ್ಕಾಗಿ ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುವವನು, ತಿಂಗಳ ಕೊನೆಗೆ ಸಾಲದ ಲೆಕ್ಕ ನೋಡುವವನು, ಹೀಗೆ ಮನುಷ್ಯನಾದ ಮೂರನೆಯ ಪಂಡಿತನೊಬ್ಬನು ಇರುವನೆಂಬುದು ತೆರೆಗೆ ತಿಳಿಯದು.

ತಪ್ಪುಗಳನ್ನು ಒಂದೊಂದಾಗಿ ಎಣಿಸುವುದು ಅವಶ್ಯಕ. ಸಾಮಾನ್ಯವಾಗಿ ದೂರಿದರೆ ಸಾಮಾನ್ಯವಾದ ಉತ್ತರವೇ ಬರುವುದು.

ಮೊದಲು ಉಡುಪು. ಯಜ್ಞೋಪವೀತವನ್ನು ಧರಿಸುವುದರಲ್ಲಿ ಮೂರು ಕ್ರಮಗಳಿವೆ. ದೇವಕಾರ್ಯದಲ್ಲಿ ಅದು ಎಡಹೆಗಲಿನಿಂದ ಬಲಗೈಯ ಕೆಳಕ್ಕೆ ಇಳಿಯುವುದು. ಪಿತೃಕಾರ್ಯದಲ್ಲಿ ಬಲಹೆಗಲಿನಿಂದ ಎಡಕ್ಕೆ ಇಳಿಯುವುದು. ಋಷಿತರ್ಪಣದಲ್ಲಿ ಮಾಲೆಯಂತೆ ಕೊರಳಿನಲ್ಲಿರುವುದು. ಮದುವೆಯ ಮಂಟಪದಲ್ಲಿ ಪುರೋಹಿತನ ಜನಿವಾರವು ಬಲಹೆಗಲಿನಲ್ಲಿ ಕಾಣಿಸಿತೆಂದರೆ, ತಿಳಿದವರ ಕಣ್ಣಿಗೆ ಆತನು ವಧೂವರರಿಗೆ ಶ್ರಾದ್ಧ ಮಾಡುತ್ತಿದ್ದಾನೆ! ಇದು ಎರಡು ನಿಮಿಷದಲ್ಲಿ ಕೇಳಿ ತಿಳಿಯಬಹುದಾದ ಸಂಗತಿ. ಕಥಾನಾಯಕನ ಕಾರಿನ ಬಣ್ಣವನ್ನು ಆರಿಸುವುದಕ್ಕೆ ಎರಡು ದಿನ ತೆಗೆದುಕೊಳ್ಳುವವರಿಗೆ ಈ ಎರಡು ನಿಮಿಷ ದೊರೆಯುವುದಿಲ್ಲ.

ಎರಡನೆಯದು ಸ್ವರ. ವೇದವನ್ನು ಉದಾತ್ತ, ಅನುದಾತ್ತ, ಸ್ವರಿತಗಳೆಂಬ ಸ್ವರಗಳಿಂದ ಹೇಳತಕ್ಕದ್ದು. ಸ್ವರ ಕೆಟ್ಟರೆ ಅರ್ಥವೇ ಕೆಡುವುದೆಂಬುದಕ್ಕೆ ಇಂದ್ರಶತ್ರುವಿನ ಕಥೆಯನ್ನು ವೈಯಾಕರಣರು ಹೇಳುತ್ತ ಬಂದಿದ್ದಾರೆ. ಇಂದ್ರನನ್ನು ಕೊಲ್ಲುವ ಮಗನನ್ನು ಬೇಡಿ ಹೋಮಮಾಡಿದ ತ್ವಷ್ಟೃವು ಒಂದು ಪದದ ಸ್ವರವನ್ನು ತಪ್ಪಿದ್ದರಿಂದ, ಇಂದ್ರನಿಂದಲೇ ಸಾಯುವ ಮಗನನ್ನು ಪಡೆದನು. ತೆರೆಯ ಮೇಲೆ ಮದುವೆಗೂ ಮಸಣಕ್ಕೂ ಗೃಹಪ್ರವೇಶಕ್ಕೂ ಭೂತೋಚ್ಚಾಟನೆಗೂ ಒಂದೇ ರಾಗ. ಮಂತ್ರಕ್ಕೂ ಸ್ತೋತ್ರಕ್ಕೂ ಭೇದವಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಒಂದನ್ನೊಂದು ನುಂಗಿರುತ್ತವೆ. ಇಷ್ಟೆಲ್ಲ ಇಂದ್ರಶತ್ರುಗಳ ನಡುವೆ ಚಿತ್ರದ ನಾಯಕನು ಕೊನೆಯವರೆಗೆ ಬದುಕಿರುವುದೇ ಆಶ್ಚರ್ಯ.

ಮೂರನೆಯದು ಮದುವೆ. ಚಿತ್ರಗಳಲ್ಲಿ ಮದುವೆಯೆಂದರೆ ತಾಳಿ. ಮೂರು ಗಂಟು ಬಿದ್ದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಆದುದರಿಂದ ಖಳನು ಬರುವುದೂ ಪೊಲೀಸರು ಬರುವುದೂ ಎರಡನೆಯ ಗಂಟಿಗೂ ಮೂರನೆಯ ಗಂಟಿಗೂ ನಡುವೆ. ಗೃಹ್ಯಸೂತ್ರಗಳನ್ನು ನೋಡಿದರೆ ಅಲ್ಲಿ ಪ್ರಧಾನವಾಗಿರುವುದು ಪಾಣಿಗ್ರಹಣವೂ ಸಪ್ತಪದಿಯೂ. 1955ರ ಹಿಂದೂ ವಿವಾಹ ಕಾನೂನಿನ ಏಳನೆಯ ವಿಧಿಯೂ, ಸಪ್ತಪದಿಯುಳ್ಳ ಮದುವೆಯು ಏಳನೆಯ ಹೆಜ್ಜೆಗೆ ಪೂರ್ಣವಾಗುವುದೆಂದು ಹೇಳುತ್ತದೆ. ಅದಿರಲಿ. ತೆಂಗಿನ ಸೀಮೆಯಲ್ಲಿ ಮದುವೆಗಳೆಲ್ಲ ಹೋಮಾಗ್ನಿಯ ಮುಂದೆಯೇ ನಡೆಯುವುವೆ? ವೀರಶೈವರ ಮನೆಗಳಲ್ಲಿ ಪಂಚಕಳಶವನ್ನಿಟ್ಟು ಅಯ್ಯನವರು ನಡೆಸಿಕೊಡುವ ಮದುವೆ ಒಂದು ಬಗೆ. ಒಕ್ಕಲಿಗರ ಮನೆಗಳ ಶಾಸ್ತ್ರ ಇನ್ನೊಂದು. ಗೊಲ್ಲರ ಹಟ್ಟಿಯ ಕಟ್ಟಲೆ ಮತ್ತೊಂದು. ಒಂದೇ ಹೋಬಳಿಯಲ್ಲಿ ಹತ್ತು ಬಗೆಯ ಮದುವೆಗಳಿರುವಲ್ಲಿ, ತೆರೆಯು ಕನ್ನಡ ನಾಡಿಗೆಲ್ಲ ಒಂದೇ ಪುರೋಹಿತನನ್ನೂ ಒಂದೇ ಹೊಗೆಯನ್ನೂ ಹಂಚಿಬಿಟ್ಟಿದೆ. ಈಗ ಹಳ್ಳಿಗಳ ಕಲ್ಯಾಣಮಂಟಪಗಳಲ್ಲಿ ಜನರು ತಮ್ಮ ಮನೆತನದ ಕಟ್ಟಲೆಯನ್ನು ಬಿಟ್ಟು ತೆರೆಯ ಮದುವೆಯನ್ನು ಅನುಕರಿಸತೊಡಗಿದ್ದಾರೆ. ಅನುಕರಣವಾಗಿರಬೇಕಾದ ಕಲೆಯೇ ಮೂಲವಾಗಿ, ಲೋಕವೇ ಅದರ ಅನುಕರಣವಾಗಿದೆ.

ನಾಲ್ಕನೆಯದು ಪಾಠಶಾಲೆ. ತೆರೆಯ ಪಾಠಶಾಲೆಯೆಂದರೆ ಆಲದ ಮರ, ಜಗುಲಿ, ಒಂದೇ ಅಳತೆಯ ಹುಡುಗರ ಸಾಲು, ಒಟ್ಟಿಗೆ ಕೂಗು. ನಿಜವಾದ ಪಾಠಶಾಲೆಯಲ್ಲಿ ಸಂಥೆಯ ಕ್ರಮವಿದೆ. ಗುರುವು ಒಂದು ಸಲ ಹೇಳಿದ್ದನ್ನು ಶಿಷ್ಯನು ಎರಡು ಸಲ ಹೇಳಬೇಕು. ತಪ್ಪಿದಲ್ಲಿ ಮತ್ತೆ ಮೊದಲಿನಿಂದ. ಸಂಹಿತೆಯಾದ ಮೇಲೆ ಪದ, ಪದವಾದ ಮೇಲೆ ಕ್ರಮ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳು ಅನಧ್ಯಾಯ; ಭಾನುವಾರವಲ್ಲ. ಪಾಡ್ಯದ ದಿನ ಓದಿದವನ ವಿದ್ಯೆಯು ಸೊರಗುವುದೆಂಬ ನಂಬಿಕೆ ಎಷ್ಟು ಹಳೆಯದೆಂದರೆ, ಅಶೋಕವನದಲ್ಲಿ ಕೃಶಳಾಗಿದ್ದ ಸೀತೆಗೆ ವಾಲ್ಮೀಕಿಯು ಆ ವಿದ್ಯೆಯನ್ನೇ ಹೋಲಿಸಿದ್ದಾನೆ. ಶಾಸ್ತ್ರದ ಪಾಠವು ಬೇರೆ. ಸಿದ್ಧರೂಪ, ಅಮರಕೋಶಗಳಿಂದ ಹೊರಟು, ರಘುವಂಶವನ್ನು ಓದಿ, ತರ್ಕಸಂಗ್ರಹವನ್ನು ಮುಟ್ಟಿ, ಕೌಮುದಿಯಲ್ಲಿ ಮುಳುಗಿ, ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ತುಗಳೆಂಬ ಪರೀಕ್ಷೆಗಳನ್ನು ಒಂದೊಂದಾಗಿ ದಾಟುವುದರೊಳಗೆ ಹುಡುಗನು ಗಂಡಸಾಗಿರುತ್ತಾನೆ. ಈ ಕಾಲವಿಸ್ತಾರವೇ ಪಾಠಶಾಲೆಯ ಸತ್ತ್ವ. ತೆರೆಯ ಮೇಲೆ ಹುಡುಗನೊಬ್ಬನು ಓಡುತ್ತ ಓಡುತ್ತ ಒಂದೇ ಹಾಡಿನಲ್ಲಿ ಬೆಳೆದು ಪಂಡಿತನಾಗುವುದನ್ನು ನೋಡಿದವರಿಗೆ, ವಿದ್ಯೆಗೆ ಕಾಲ ಬೇಕೆಂಬ ಮಾತು ಹೇಗೆ ಹೊಳೆಯಬೇಕು?

ಐದನೆಯದು ಭಾಷೆ. ತೆರೆಯ ಪಂಡಿತನು ಹೆಂಡತಿಯನ್ನು ನೀರು ಕೇಳುವಾಗಲೂ ಜಲವೆನ್ನುತ್ತಾನೆ. ಮಗನನ್ನು ಎಲೈ ವತ್ಸ ಎನ್ನುತ್ತಾನೆ. ತಿಪಟೂರು ಚಿಕ್ಕನಾಯಕನಹಳ್ಳಿಗಳ ಕಡೆಯ ವಿದ್ವಾಂಸರು ಮನೆಯಲ್ಲಿ ಆಡುವುದು ಆ ಸೀಮೆಯ ಕನ್ನಡ. ಪಾಠದ ಹೊತ್ತಿನಲ್ಲಿ ಕಾಳಿದಾಸನ ಸಮಾಸವನ್ನು ಬಿಡಿಸಿದ ನಾಲಗೆಯೇ, ತೋಟದಲ್ಲಿ “ಆ ಎಡಮಟ್ಟೆ ಇತ್ಲಾಗೆ ಹಾಕ್ಲಾ” ಎನ್ನುವುದು. ಈ ಎರಡು ಮಾತುಗಳೂ ಒಬ್ಬನಲ್ಲಿಯೇ ಇರುವುವೆಂಬುದೇ ರಸವತ್ತಾದ ಸಂಗತಿ. ಅದನ್ನು ಬಿಟ್ಟು ತೆರೆಯು ಎಲ್ಲಿಯೂ ಇಲ್ಲದ ಒಂದು ಮರದ ಬೊಂಬೆಗೆ ಮಾತು ಕಲಿಸಿದೆ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ತೆರೆಯ ಪಂಡಿತನಿಗೆ ಜಾತಿ ಒಂದೇ. ಸಂಸ್ಕೃತ ಬಲ್ಲವನು ಅಗ್ರಹಾರದವನೇ ಆಗಿರಬೇಕು, ಪೌರೋಹಿತ್ಯವೇ ಅವನ ಕಸುಬಾಗಿರಬೇಕು ಎಂಬುದನ್ನು ತೆರೆಯು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದೆ. ಅರ್ಚಕ, ಪುರೋಹಿತ, ಜೋಯಿಸ, ವೈದಿಕ, ಶಾಸ್ತ್ರಜ್ಞ, ಶಾಲೆಯ ಪಂಡಿತ ಎಂಬಿವರು ಬೇರೆ ಬೇರೆ ಜನರೆಂಬುದೂ ಅದಕ್ಕೆ ತಿಳಿಯದು. ತುಮಕೂರು ಜಿಲ್ಲೆಯ ಚರಿತ್ರೆಯು ಈ ಕಲ್ಪನೆಯನ್ನು ಪೂರ್ತಿಯಾಗಿ ಅಲ್ಲಗಳೆಯುತ್ತದೆ. ತುಮಕೂರಿನ ಬಳಿಯ ಸಿದ್ಧಗಂಗಾ ಕ್ಷೇತ್ರದಲ್ಲಿ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಅವರ ತರುವಾಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಆ ದಾಸೋಹವನ್ನು ಬೆಳೆಸಿದರು. ಅಲ್ಲಿ ಊಟಕ್ಕೂ ಪಾಠಕ್ಕೂ ಹಣ ಕೇಳಿದವರಿಲ್ಲ. ಜಾತಿಮತಗಳ ತಡೆಯೂ ಇಲ್ಲ. ರಾಗಿಯ ಮುದ್ದೆಯನ್ನು ಉಂಡು, ಸಂಜೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ಕುಳಿತು, ಬೇಸಾಯಗಾರರ ಮಕ್ಕಳೂ ಕುರಿ ಕಾಯುವವರ ಮಕ್ಕಳೂ ಅಮರವನ್ನು ಬಾಯಿಪಾಠ ಮಾಡಿದರು. ಅವರಲ್ಲಿ ಎಷ್ಟೋ ಮಂದಿ ಹಳ್ಳಿಯ ಶಾಲೆಗಳಲ್ಲಿ ಪಂಡಿತರಾಗಿ, ಸಂಸ್ಕೃತದೊಡನೆ ಹಳಗನ್ನಡವನ್ನೂ ಹೇಳಿಕೊಟ್ಟರು. ತೆಂಗಿನ ಸೀಮೆಯಲ್ಲಿ ಸಂಸ್ಕೃತದ ಮೇಷ್ಟರೆಂದರೆ ವಿಭೂತಿ ಧರಿಸಿದ ಶಿವಭಕ್ತರೂ ಆಗಿರಬಹುದು, ತಲೆಗೆ ಟವಲು ಸುತ್ತಿದ ಗೌಡರ ಮಗನೂ ಆಗಿರಬಹುದು. ತೆರೆಯು ಇವರನ್ನು ಅಣಕಿಸಲೂ ಇಲ್ಲ. ಅಣಕಿಸುವುದಕ್ಕಾದರೂ ಒಮ್ಮೆ ಇವರನ್ನು ನೋಡಬೇಕಾಗಿತ್ತು.

ಇದಕ್ಕೆ ಪೂರ್ವಪಕ್ಷಗಳು ಹುಟ್ಟುವುದು ಸಹಜ. ಮೊದಲನೆಯ ಪೂರ್ವಪಕ್ಷ: ಪಂಡಿತರಿಗೆ ನಗು ಸಹಿಸದು, ತಮ್ಮನ್ನು ಕಂಡು ಲೋಕವು ನಕ್ಕರೆ ಅವರಿಗೆ ಸಂಕಟ.

ಸಮಾಧಾನ: ಪಂಡಿತನನ್ನು ಕಂಡು ನಗುವುದನ್ನು ಲೋಕಕ್ಕೆ ಕಲಿಸಿದ್ದೇ ಸಂಸ್ಕೃತ. ಶಾಕುಂತಲದ ಮಾಧವ್ಯನೂ ಮೃಚ್ಛಕಟಿಕದ ಮೈತ್ರೇಯನೂ ಬ್ರಾಹ್ಮಣರೇ. ಒಬ್ಬನಿಗೆ ಬೇಟೆಯಿಂದ ಮೈಕೈ ನೋವು, ಇನ್ನೊಬ್ಬನಿಗೆ ವಸಂತಸೇನೆಯ ಮನೆಯ ಅಡುಗೆಯ ಕಂಪು. ಪಲ್ಲವ ಮಹೇಂದ್ರವರ್ಮನ ಮತ್ತವಿಲಾಸವು ಕಾಪಾಲಿಕನನ್ನೂ ಬೌದ್ಧ ಭಿಕ್ಷುವನ್ನೂ ನಗೆಗೀಡು ಮಾಡಿತು. ಆದರೆ ಆ ಕವಿಗಳು ತಾವು ನಕ್ಕವರ ಮನೆಯನ್ನು ಒಳಹೊಕ್ಕು ನೋಡಿದ್ದರು. ಮೈತ್ರೇಯನು ಹೊಟ್ಟೆಯ ಮಾತಾಡಿದರೂ, ಬಡವನಾದ ಚಾರುದತ್ತನನ್ನು ಬಿಟ್ಟುಹೋಗಲಿಲ್ಲ. ನಗೆಯ ಒಳಗೆ ಮನುಷ್ಯನಿದ್ದನು. ತೆಂಗಿನ ಸೀಮೆಯವರಿಗೂ ನಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿ ಈ ಜಿಲ್ಲೆಯದು. ಸದಾರಮೆಯ ಕಳ್ಳನಾಗಿ ನಾಡನ್ನೇ ನಗಿಸಿದ ವೀರಣ್ಣನವರು ಈ ಜಿಲ್ಲೆಯವರು. ಕನ್ನಡ ಚಿತ್ರಗಳ ಹಾಸ್ಯಕ್ಕೆ ಹೆಸರಾದ ನರಸಿಂಹರಾಜು ತಿಪಟೂರಿನವರು. ಆ ಕಾಲದ ರಂಗಭೂಮಿಯಲ್ಲಿ ಕಂದ ವೃತ್ತಗಳನ್ನು ಹಾಡಿ ನಾಲಗೆ ತಿದ್ದಿಕೊಂಡ ನಟರು ಪಂಡಿತನ ವೇಷ ಹಾಕಿದರೆ, ಮುಂದಿನ ಸಾಲಿನಲ್ಲಿ ಕುಳಿತ ಪಂಡಿತನೇ ಮೊದಲು ನಗುತ್ತಿದ್ದನು. ತಿಳಿದು ಮಾಡಿದ ಅಣಕಕ್ಕೆ ಅಣಕಿಸಿಕೊಂಡವನೂ ತಲೆದೂಗುವನು. ನಗುವುದು ತಪ್ಪಲ್ಲ, ತಿಳಿಯದೆ ನಗುವುದು ತಪ್ಪು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ಶತಮಾನಗಳ ಕಾಲ ಬಾಗಿಲನ್ನು ಮುಚ್ಚಿಕೊಂಡು, ಉಳಿದವರನ್ನು ಹೊರಗೆ ನಿಲ್ಲಿಸಿ, ವಿಧವೆಯರ ತಲೆ ಬೋಳಿಸಿ ಬಾಳಿದವರನ್ನು ತೆರೆಯು ಕೀಳಾಗಿ ತೋರಿಸಿದರೆ ಅದು ಅವರಿಗೆ ತಕ್ಕದ್ದೇ ಅಲ್ಲವೆ?

ಸಮಾಧಾನ: ಆ ಪಾಪವು ನಡೆದದ್ದು ನಿಜ. ಅದನ್ನು ಮುಚ್ಚುವುದು ಪಾಂಡಿತ್ಯವಲ್ಲ. ಆದರೆ ಆ ಪಾಪವನ್ನು ತೆರೆಯ ಮೇಲೆ ಎತ್ತಿ ಹಿಡಿದ ಚಿತ್ರಗಳು ಯಾವುವು? 1970ರಲ್ಲಿ ಪಟ್ಟಾಭಿರಾಮರೆಡ್ಡಿಯವರ ಸಂಸ್ಕಾರ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಘಟಶ್ರಾದ್ಧ. ಸಂಸ್ಕಾರವನ್ನು ಮೊದಲು ಸೆನ್ಸಾರಿನವರು ತಡೆದರು. ಬಿಡುಗಡೆಯಾದ ಮೇಲೆ ಅದು ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು. ಘಟಶ್ರಾದ್ಧವೂ ಅದೇ ಗೌರವವನ್ನು ಪಡೆಯಿತು. ಎರಡಕ್ಕೂ ಮೂಲಕಥೆ ಯು. ಆರ್. ಅನಂತಮೂರ್ತಿಯವರದು, ಅವರು ಬಾಲ್ಯದಲ್ಲಿ ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಘಟಶ್ರಾದ್ಧದಲ್ಲಿ ವೇದಪಾಠಶಾಲೆಯ ಪುಟ್ಟ ಹುಡುಗನ ಕಣ್ಣಿಗೆ ಯಮುನೆಯ ಗತಿಯು ಕಾಣುವ ಬಗೆ, ಒಳಗಿನಿಂದ ನೋಡಿದವರಿಗೆ ಮಾತ್ರ ಸಾಧ್ಯ. ಸಂಸ್ಕಾರದಲ್ಲಿ ಪ್ರಾಣೇಶಾಚಾರ್ಯನು ಎದುರಿಸುವ ಪ್ರಶ್ನೆಯೂ ಶಾಸ್ತ್ರದ ಪ್ರಶ್ನೆಯೇ. ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂಬುದಕ್ಕೆ ಗ್ರಂಥಗಳು ಉತ್ತರ ಕೊಡದಿದ್ದಾಗ, ಪಂಡಿತನು ಪಡುವ ಸಂಕಟವು ಪಂಡಿತನದೇ. ಈ ಚಿತ್ರಗಳು ಕೊಟ್ಟ ಪೆಟ್ಟು ನೋಯಿಸಿತು. ಗುರಿ ಸರಿಯಾಗಿದ್ದುದರಿಂದ ನೋಯಿಸಿತು. ಹೊಟ್ಟೆಬಾಕ ಶಾಸ್ತ್ರಿಯ ಚಿತ್ರಗಳು ಯಾವ ಅನ್ಯಾಯವನ್ನು ಎತ್ತಿ ತೋರಿಸಿದುವು? ಯಾವ ವಿಧವೆಯ ಪರವಾಗಿ ಮಾತನಾಡಿದುವು? ಅವುಗಳನ್ನು ಸುಧಾರಣೆಯ ಹೆಸರಿನಲ್ಲಿ ಸಮರ್ಥಿಸುವುದು ಸುಧಾರಕರಿಗೇ ಮಾಡುವ ಅವಮಾನ. ಅಲ್ಲದೆ, ಸಂಸ್ಕೃತವೆಂದರೆ ಒಂದು ಜಾತಿಯ ಸೊತ್ತೆಂದು ತೋರಿಸುವ ಚಿತ್ರವು, ಹಳೆಯ ಕಾಲದ ಬಾಗಿಲು ಕಾಯುವವನ ಕೆಲಸವನ್ನೇ ಹೊಸ ಉಡುಪಿನಲ್ಲಿ ಮಾಡುತ್ತದೆ. ಆತನು “ಒಳಗೆ ಬರಬೇಡ” ಎಂದನು. ಇದು “ಒಳಗೆ ನಿನಗೇನೂ ಇಲ್ಲ” ಎನ್ನುತ್ತದೆ. ಹೊರಗೆ ಉಳಿಯುವವನು ಅದೇ ರೈತನ ಮಗನು.

ಹೊಗಳಿಕೆಯ ಸುಳ್ಳ್ಳಿನ ವಿಚಾರಕ್ಕೆ ಬರುವುದಾದರೆ, ಅದು ತೆಗಳಿಕೆಯ ಸುಳ್ಳಿಗಿಂತ ಕಡಿಮೆಯ ಅಪಾಯವಲ್ಲ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಮತ್ತೂರು ಇದಕ್ಕೆ ನಿದರ್ಶನ. ಸಂಸ್ಕೃತಗ್ರಾಮವೆಂದು ಅದನ್ನು ತೋರಿಸುವ ಚಿತ್ರಗಳು ಲೆಕ್ಕವಿಲ್ಲದಷ್ಟು ಹೊರಬಂದಿವೆ. ಅವುಗಳಲ್ಲಿ ಎಷ್ಟನ್ನೋ ನೋಡಿದರೆ, ಕಾಲವು ಆ ಊರಿನ ಗಡಿಯಲ್ಲಿ ನಿಂತುಹೋಗಿದೆ, ಹೂವಿನ ಅಂಗಡಿಯವಳೂ ಗಾಡಿ ಹೊಡೆಯುವವನೂ ಪುರಾತನ ಕಾಲದಿಂದ ಸಂಸ್ಕೃತವನ್ನೇ ಆಡುತ್ತಿದ್ದಾರೆ ಎಂದು ನಂಬಬೇಕಾಗುತ್ತದೆ. ನಿಜವೇನೆಂದರೆ, ಅಲ್ಲಿನ ಸಂಕೇತಿ ಮನೆತನಗಳ ಮನೆಮಾತು ಸಂಕೇತಿ. ಊರಿನ ವ್ಯವಹಾರಕ್ಕೆ ಕನ್ನಡ. ಜೀವನೋಪಾಯ ಅಡಕೆಯ ತೋಟ. ಅಲ್ಲಿಂದ ಹೊರಟ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿಯೂ ಇದ್ದಾರೆ. ವೇದಪಾಠದ ಹಳೆಯ ಸಂಪ್ರದಾಯವಿದ್ದ ಆ ಊರಿನವರು 1980ರ ದಶಕದ ಮೊದಲಲ್ಲಿ, ಸಂಸ್ಕೃತವನ್ನು ಮಾತಿನಲ್ಲಿಯೂ ಬಳಸಬೇಕೆಂಬ ಸಂಕಲ್ಪವನ್ನು ಬುದ್ಧಿಪೂರ್ವಕವಾಗಿ ಮಾಡಿದರು. ಪುರಾತನ ಪವಾಡಕ್ಕಿಂತ ಈ ಸಂಕಲ್ಪವು ಎಷ್ಟೋ ದೊಡ್ಡದು. ಪವಾಡವನ್ನು ಕಂಡವನು ಕೈಮುಗಿದು ಹಿಂದಿರುಗುವನು. ಸಂಕಲ್ಪವನ್ನು ಕಂಡವನು ತಾನೂ ಒಂದನ್ನು ಮಾಡಬಹುದು. ತೆರೆಯು ಪವಾಡವನ್ನೇ ಆರಿಸಿಕೊಂಡಿತು.

ಇದು ಕನ್ನಡ ನಾಡಿಗೆ ಮಾತ್ರ ಬಂದ ವಿಪತ್ತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಮೊದಲಾದ ಪ್ರಾಂತಗಳಲ್ಲಿ ಅಮಿಶ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. ಕುದುರೆಗಾಡಿ, ಸರಳವಾದ ಉಡುಪು, ಬೇಸಾಯ, ಹಿಂಸೆಗೆ ಪ್ರತಿಹಿಂಸೆ ಮಾಡದ ವ್ರತ, ಇವು ಅವರ ಬಾಳುವೆಯ ಕಟ್ಟಲೆಗಳು. ಭಾವಚಿತ್ರಕ್ಕೆ ಮುಖವೊಡ್ಡುವುದನ್ನೂ ಅವರು ಒಲ್ಲರು. 1985ರಲ್ಲಿ ಹಾಲಿವುಡ್ಡಿನವರು ಅವರ ನಡುವೆ ಒಂದು ಕೊಲೆಯ ಕಥೆಯನ್ನೂ ಪ್ರೇಮದ ಕಥೆಯನ್ನೂ ಇಟ್ಟು ವಿಟ್ನೆಸ್ ಎಂಬ ಚಿತ್ರವನ್ನು ತೆಗೆದರು. ಅದಕ್ಕೆ ಬಹುಮಾನಗಳು ಬಂದುವು. 2012ರಿಂದ ಬಂದ ಒಂದು ದೂರದರ್ಶನ ಧಾರಾವಾಹಿಯಂತೂ, ಅಹಿಂಸೆಯೇ ಧರ್ಮವಾದ ಆ ಜನರಲ್ಲಿ ಗೂಂಡಾಗಳ ಪಡೆಯೊಂದಿದೆ ಎಂದು ತೋರಿಸಿತು. ಚಿತ್ರಗಳನ್ನೇ ನೋಡದ ಜನರು ಅದಕ್ಕೆ ಉತ್ತರ ಕೊಡುವುದೆಂತು? ಕಟ್ಟಲೆಗೆ ಒಳಗಾಗಿ ಮೌನವಾಗಿ ಬಾಳುವವರನ್ನು ತಪ್ಪಾಗಿ ತೋರಿಸುವುದು ಎಲ್ಲ ದೇಶಗಳಲ್ಲಿಯೂ ಸುಲಭ. ಅವರು ಎದುರಾಡುವುದಿಲ್ಲ, ನೋಡುವವರಿಗೆ ನಿಜ ತಿಳಿದಿರುವುದಿಲ್ಲ. ಪಾಠಶಾಲೆಗೂ ಇದೇ ಗತಿ.

ಮೂರನೆಯ ಪೂರ್ವಪಕ್ಷ: ಚಿತ್ರವು ಶಾಸ್ತ್ರಗ್ರಂಥವಲ್ಲ, ಅದು ವಿನೋದ. ಪ್ರತಿಯೊಂದು ವಿವರವನ್ನೂ ತೂಗಿ ನೋಡುತ್ತ ಕುಳಿತರೆ ಚಿತ್ರ ತೆಗೆಯುವುದೇ ಆಗದು.

ಸಮಾಧಾನ: ನಾಟ್ಯಶಾಸ್ತ್ರವು ಲೋಕಧರ್ಮಿ ನಾಟ್ಯಧರ್ಮಿಗಳೆಂಬ ಎರಡು ಮಾರ್ಗಗಳನ್ನು ಹೇಳಿದೆ. ಲೋಕದಲ್ಲಿರುವಂತೆಯೇ ತೋರಿಸುವುದು ಮೊದಲನೆಯದು. ಸಂಕೇತದಿಂದ, ಅತಿಶಯದಿಂದ ತೋರಿಸುವುದು ಎರಡನೆಯದು. ಅತಿಶಯಕ್ಕೆ ಅಲ್ಲಿಯೇ ಅನುಮತಿಯಿದೆ. ಆದರೆ ನಾಟ್ಯಕ್ಕೆ ಲೋಕವೇ ಪ್ರಮಾಣವೆಂಬ ಮಾತೂ ಆ ಗ್ರಂಥದ್ದೇ. ಲೋಕವನ್ನು ತಿಳಿದವನು ಅದನ್ನು ಹಿಗ್ಗಿಸಬಹುದು. ತಿಳಿಯದವನು ಹಿಗ್ಗಿಸುವುದು ತನ್ನ ಅಜ್ಞಾನವನ್ನು. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇಂತಹ ತತ್ತ್ವಗಳನ್ನು ತಿಳಿಗನ್ನಡದಲ್ಲಿ ಬರೆದಿಟ್ಟ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1953ರಿಂದ ಆ ಗ್ರಂಥವು ಅಚ್ಚಿನಲ್ಲಿದೆ. ಚಿತ್ರ ತೆಗೆಯುವವರು ಅದನ್ನು ಓದಬಾರದೆಂದು ಯಾರೂ ಕಟ್ಟಿಹಾಕಿಲ್ಲ.

ಇನ್ನು, ಕಾಲವಿಲ್ಲ ಹಣವಿಲ್ಲ ಎಂಬ ಮಾತು. 1983ರಲ್ಲಿ ಜಿ. ವಿ. ಅಯ್ಯರ್ ಅವರು ಆದಿ ಶಂಕರಾಚಾರ್ಯರನ್ನು ಕುರಿತು ಸಂಸ್ಕೃತದಲ್ಲಿಯೇ ಚಿತ್ರವನ್ನು ತೆಗೆದರು. ಅದು ಸಂಸ್ಕೃತದ ಮೊದಲನೆಯ ಕಥಾಚಿತ್ರ. ಅದರ ಸಂಸ್ಕೃತಕ್ಕಾಗಿ ಅವರು ಬನ್ನಂಜೆ ಗೋವಿಂದಾಚಾರ್ಯರಂತಹ ವಿದ್ವಾಂಸರ ಬಳಿಗೆ ಹೋದರು. ಆ ಚಿತ್ರಕ್ಕೂ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಗೌರವ ಬಂದಿತು. ಕೇಳಿದವರಿಗೆ ಪಂಡಿತರು ಹೇಳಿದ್ದಾರೆ. ಕೇಳದವರಿಗೆ ಹೇಳುವುದು ಹೇಗೆ? ಮೈಸೂರಿನಲ್ಲಿ 1876ರಿಂದ ಮಹಾರಾಜರ ಸಂಸ್ಕೃತ ಪಾಠಶಾಲೆಯಿದೆ. ಬೆಂಗಳೂರಿನಲ್ಲಿ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಿದೆ. 2010ರಿಂದ ಸಂಸ್ಕೃತ ವಿಶ್ವವಿದ್ಯಾಲಯವೇ ಇದೆ. ಚಿತ್ರಗಳು ತಯಾರಾಗುವ ಊರಿನಲ್ಲಿಯೇ ವಿದ್ವಾಂಸರಿರುವಾಗ, ಒಬ್ಬರನ್ನು ಒಂದು ದಿನ ಕರೆಸಿ ಮರ್ಯಾದೆ ಮಾಡುವುದು ಕುದುರೆ ಓಡಿಸುವವನನ್ನು ಕರೆಸುವುದಕ್ಕಿಂತ ಹೆಚ್ಚಿನ ವೆಚ್ಚವಾಗಲಾರದು. ಕುದುರೆ ಸವಾರಿ ಬಲ್ಲವನಿಲ್ಲದೆ ಯುದ್ಧದ ದೃಶ್ಯವನ್ನು ತೆಗೆಯಲು ಯಾರೂ ಹೋಗುವುದಿಲ್ಲ. ಬಿದ್ದರೆ ಕಾಲು ಮುರಿಯುವುದೆಂದು ಗೊತ್ತು. ಮಂತ್ರ ತಪ್ಪಿದರೆ ಯಾರ ಕಾಲೂ ಮುರಿಯದೆಂಬ ಧೈರ್ಯವೇ ಇಲ್ಲಿ ಕೆಲಸಮಾಡಿದೆ.

ಮುರಿಯುವುದು ಏನೆಂಬುದನ್ನು ಈಗ ಹೇಳಬೇಕು. 1905ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ಓಲೆಗರಿಯ ಕಟ್ಟು ಬಂದಿತು. ಕಳೆದುಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದೇ ಎಂದು ಅವರು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು, ಇಂಗ್ಲಿಷಿಗೂ ತಿರುಗಿಸಿದರು. ಪ್ರಾಚೀನ ಭಾರತದ ರಾಜ್ಯವಿಚಾರವನ್ನು ಕುರಿತು ಲೋಕದ ತಿಳಿವಳಿಕೆಯೇ ಬದಲಾಯಿತು. ಗ್ರಂಥಾಲಯದಲ್ಲಿ ಕುಳಿತ ಒಬ್ಬ ಪಂಡಿತನು ಗರಿಗಳನ್ನು ತಿರುಗಿಸಿದ್ದರಿಂದ ಆದ ಕೆಲಸವಿದು. ಇದಕ್ಕಿಂತ ದೊಡ್ಡ ಕಥೆ ಚಿತ್ರದವರಿಗೆ ಎಲ್ಲಿ ಸಿಕ್ಕೀತು? ತೆಂಗಿನ ಸೀಮೆಯ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಕಾಯಿಯ ರಾಶಿಯ ಪಕ್ಕದಲ್ಲಿ ಬಟ್ಟೆ ಸುತ್ತಿದ ಗರಿಯ ಕಟ್ಟುಗಳು ಇದ್ದುವು. ಕೆಲವು ಇನ್ನೂ ಇವೆ. ವೈದ್ಯವೋ, ಜ್ಯೋತಿಷವೋ, ಶಿವಾಗಮವೋ, ಪುರಾಣವೋ, ಬಿಚ್ಚಿ ಓದಿದ ಹೊರತು ತಿಳಿಯದು. ಓದಬೇಕಾದವನು ಆ ಮನೆಯ ಹುಡುಗನೇ. ಅವನು ಪಾಠಶಾಲೆಗೆ ಹೋಗುವೆನೆಂದರೆ ಓರಗೆಯವರು ಹೊಟ್ಟೆಯ ಮೇಲೆ ಕೈಯಾಡಿಸುವರು. ತಂದೆಯು, ಮಗನನ್ನು ನಗೆಪಾಟಲು ಮಾಡಲೇಕೆಂದು ಹಿಂಜರಿಯುವನು. ಒಂದು ತಲೆಮಾರು ಹೀಗೆ ಹಿಂಜರಿದರೆ ಸಾಕು, ಗೆದ್ದಲು ಹಿಂಜರಿಯುವುದಿಲ್ಲ.

ಆದುದರಿಂದ ಮಾಡಬೇಕಾದುದೇನು? ಚಿತ್ರಗಳನ್ನು ನಿಷೇಧಿಸಿರೆಂದು ಕೂಗುವುದಲ್ಲ. ನಿಷೇಧವನ್ನು ಬೇಡುವವರು ಸಂಸ್ಕಾರವನ್ನು ತಡೆದವರ ಸಾಲಿಗೆ ಸೇರುವರು. ಥಿಯೇಟರಿನ ಮುಂದೆ ಗಲಭೆ ಮಾಡುವುದೂ ಅಲ್ಲ. ಋಷಿಗಳ ಶಾಪದಿಂದ ನಟರು ಕೆಟ್ಟರೇ ಹೊರತು ನಾಟ್ಯವು ತಿದ್ದಿಕೊಂಡಿತೆಂದು ಆ ಕಥೆಯಲ್ಲಿಯೂ ಇಲ್ಲ. ಚಿತ್ರ ತೆಗೆಯುವವರು ಕೇಳಿ ತಿಳಿಯಲಿ. ಬಲ್ಲವರು ಬೇಸರಿಸದೆ ಹೇಳಲಿ. ಪಾಠಶಾಲೆಗಳೂ ತಮ್ಮ ಬಾಗಿಲನ್ನು ತೆರೆದಿಟ್ಟು, ಬಂದವರಿಗೆ ಸಂಥೆಯ ಜಗುಲಿಯನ್ನೂ ಅಡುಗೆಯ ಮನೆಯನ್ನೂ ತೋರಿಸಲಿ. ತಮ್ಮ ಕುಂದುಗಳನ್ನೂ ಮರೆಮಾಡದಿರಲಿ. ನೋಡುವ ಜನರು ತೆರೆಯಲ್ಲಿ ಕಂಡ ಪಂಡಿತನನ್ನು ತಮ್ಮ ಊರಿನ ಮೇಷ್ಟರೊಡನೆ ಒಮ್ಮೆ ಹೋಲಿಸಿ ನೋಡಲಿ. ಮೇಷ್ಟರು ಇಷ್ಟು ವರುಷ ಕಣ್ಣೆದುರಿಗೇ ಇದ್ದರು.

ಕೊಬ್ಬರಿಯ ವ್ಯಾಪಾರದಲ್ಲಿ ಒಂದು ಪರೀಕ್ಷೆಯುಂಟು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರುಷವೇ ಬಿಡುವರು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆಯಾಗಿ ನಿಂತ ಮೇಲೆ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ ಸದ್ದು ಬರುವುದು. ಆ ಸದ್ದನ್ನು ತಿಳಿದವನು ಒಡೆಯದೆಯೇ ಬೆಲೆ ಹೇಳಬಲ್ಲನು. ಭಾರವಿಯ ವಾಣಿಯನ್ನು ಮಲ್ಲಿನಾಥನು ತೆಂಗಿನಕಾಯಿಗೆ ಹೋಲಿಸಿದ್ದಾನೆ. ಆಲಂಕಾರಿಕರು ಆ ಪಾಕಕ್ಕೆ ನಾಳಿಕೇರಪಾಕವೆಂದೇ ಹೆಸರಿಟ್ಟರು. ಹೊರಗಿನ ಮಟ್ಟೆಯನ್ನು ಸುಲಿಯಬೇಕು, ಚಿಪ್ಪನ್ನು ಒಡೆಯಬೇಕು; ಆಮೇಲೆ ರಸ. ತೆರೆಯು ಇಷ್ಟು ಕಾಲವೂ ಪಾಠಶಾಲೆಯ ಮಟ್ಟೆಗೆ ಬಣ್ಣ ಬಳಿದು, ಅದನ್ನೇ ಕಾಯಿಯೆಂದು ಮಾರಿತು. ತಿಪಟೂರಿನ ಮಂಡಿಯಲ್ಲಿ ಇಂತಹ ಸರಕನ್ನು ಇಳಿಸಿದವನಿಗೆ ಏನಾಗುವುದೆಂಬುದನ್ನು ಕೆಂಕೆರೆಯ ಚಿಕ್ಕ ಹುಡುಗನೂ ಹೇಳಬಲ್ಲನು.